ತಂತಿಯ ಕಿಂಡಿ ಒಂದಾಯಿತು. ಜೇಬಿನ ತೂತು ಮುಚ್ಚಿತೆ?

ಮೊಬೈಲು ಸಾಮಾನು ಮಾರತಕ್ಕ ಸಣ್ಣ ವ್ಯಾಪಾರಿಗಳಿಗೆ ಸಗಟು ಪೇಟೆಯವರೂ ಕಂಪೆನಿಗಳ ಏಜೆಂಟರೂ ಈಗ ಒಂದೇ ರಾಗದಲ್ಲಿ ಪಾಠ ಹೇಳುತ್ತಿದ್ದಾರೆ. ತಂತಿಯ ಕಾಲ ಮುಗಿಯಿತಂತೆ. ಚಾರ್ಜರಿನ ಕಿಂಡಿಗಳೆಲ್ಲ ಒಂದೇ ಆದ ಮೇಲೆ ಕೇಬಲಿನ ವ್ಯಾಪಾರದಲ್ಲಿ ಇನ್ನೇನೂ ಗಿಟ್ಟುವುದಿಲ್ಲವಂತೆ. ಮುಂದಿನ ಲಾಭವೆಲ್ಲ ತಂತಿಯಿಲ್ಲದೆ ಚಾರ್ಜು ಮಾಡುವ ತಟ್ಟೆಯಲ್ಲಿದೆಯಂತೆ. ಆದುದರಿಂದ ಬುದ್ಧಿವಂತನಾದ ವ್ಯಾಪಾರಿ ಇವತ್ತೇ ಆ ತಟ್ಟೆಗಳನ್ನು ಡಜನುಗಟ್ಟಲೆ ತಂದು ಪೇರಿಸಿಟ್ಟುಕೊಳ್ಳಬೇಕಂತೆ. ಈ ಅಂತೆಗಳ ಕಂತೆಯನ್ನು ಒಮ್ಮೆ ಬಿಚ್ಚಿ ನೋಡಬೇಕಾಗಿದೆ.

ವ್ಯಾಪಾರಿಗಳ ಗೊಡವೆ ಕೆಲಸಗಾರರ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಿಯಾರು. ಹೋಟೆಲಿನ ಕೆಲಸ ಬಿಟ್ಟವರು, ಗಿರಣಿ ಮುಚ್ಚಿದ ಮೇಲೆ ಕೈ ಖಾಲಿ ಕುಳಿತವರು, ಸ್ಟೇಷನ್ನಿನ ಹೊರಗೆ ಎರಡು ಹಲಗೆ ಜೋಡಿಸಿ ಕವರು, ಕೇಬಲು, ಇಯರ್‌ಫೋನು ಮಾರುತ್ತಿರುವವರಲ್ಲಿ ನಮ್ಮ ಊರಕಡೆಯ ಹುಡುಗರೂ ಇದ್ದಾರೆ. ಅವರು ಹೂಡಿದ್ದು ಬ್ಯಾಂಕಿನ ಬಂಡವಾಳವಲ್ಲ. ಚೀಟಿ ಎತ್ತಿದ ದುಡ್ಡು, ಅಣ್ಣನಿಂದ ಕೈಗಡ ತಂದ ದುಡ್ಡು. ಅವರ ಅಂಗಡಿ ಮುಳುಗಿದರೆ ಮುಳುಗುವುದು ನಮ್ಮ ಮನೆಯೇ. ಇನ್ನು ಆ ಅಂಗಡಿಯ ಮುಂದೆ ನಿಂತು ಕೊಳ್ಳುವವರೂ ನಾವೇ ಅಲ್ಲವೆ? ಫೋನು ಇಂದು ಶೋಕಿಯ ವಸ್ತುವಾಗಿ ಉಳಿದಿಲ್ಲ. ಮನಿಯಾರ್ಡರು ಫಾರಮು ತುಂಬುತ್ತಿದ್ದ ಕಾಲ ಹೋಗಿ, ಸಂಬಳದ ದಿನವೇ ಊರಿನ ತಾಯಿಯ ಖಾತೆಗೆ ಹಣ ಹೋಗುವುದು ಅದರ ಮೂಲಕ. ಬ್ಯಾಂಕಿನ ಓ.ಟಿ.ಪಿ. ಬರುವುದು ಅದಕ್ಕೆ. 'ನಾಳೆ ಬೆಳಿಗ್ಗೆ ನಾಲ್ಕಕ್ಕೇ ಬಾ' ಎಂಬ ಮ್ಯಾನೇಜರರ ಅಪ್ಪಣೆ ಬರುವುದೂ ಅದಕ್ಕೇ. ಅದು ಚಾರ್ಜಿಲ್ಲದೆ ಸತ್ತು ಬಿದ್ದರೆ ಒಂದು ದಿನದ ಕೂಲಿಯೇ ಹೋಗುವುದುಂಟು.

ಹಿಂದಿನ ದಿನಗಳನ್ನು ನೆನೆಯಿರಿ. ನೋಕಿಯಾದ ದಪ್ಪ ಪಿನ್ನು. ಆಮೇಲೆ ಅದೇ ನೋಕಿಯಾದ ಸಣ್ಣ ಪಿನ್ನು. ಸ್ಯಾಮ್‌ಸಂಗಿನದು ಬೇರೆ, ಮೊಟೊರೋಲಾದ್ದು ಬೇರೆ, ಸೋನಿ ಎರಿಕ್ಸನ್ನಿನದು ಇನ್ನೂ ಬೇರೆ. ಹತ್ತು ಜನ ಮಲಗುವ ಖೋಲಿಯಲ್ಲಿ ಆರು ಜಾತಿಯ ಚಾರ್ಜರುಗಳಿದ್ದು, ಒಂದು ಜಾತಿಯದು ಇನ್ನೊಂದರ ಮನೆಯಲ್ಲಿ ಉಣ್ಣುವಂತಿರಲಿಲ್ಲ. ಕೊನೆಗೆ ಬ್ಯಾಟರಿಯನ್ನೇ ಕಿತ್ತು, ಇಕ್ಕಳದಂತೆ ಕಚ್ಚಿಕೊಳ್ಳುವ ಚೀನಾ ಚಾರ್ಜರಿಗೆ ಸಿಕ್ಕಿಸಿ ಗೋಡೆಗೆ ನೇತುಹಾಕಿದವರು ನಮ್ಮಲ್ಲಿ ಎಷ್ಟು ಮಂದಿ! ಯೂರೋಪಿನ ಸರಕಾರದವರು ಲೆಕ್ಕ ಹಾಕಿದಾಗ ಅಲ್ಲಿಯ ಪೇಟೆಯಲ್ಲಿ ಸುಮಾರು ೩೦ ಬಗೆಯ ಚಾರ್ಜರುಗಳಿದ್ದವು.

ಇದು ಯಂತ್ರಶಾಸ್ತ್ರದ ಕಷ್ಟದಿಂದ ಆದದ್ದೇ? ಎಳ್ಳಷ್ಟೂ ಅಲ್ಲ. ಬಲ್ಬು ತರಲು ಹೋದವನನ್ನು 'ನಿಮ್ಮ ಮನೆಯ ಹೋಲ್ಡರು ಯಾವ ಕಂಪೆನಿಯದು' ಎಂದು ಅಂಗಡಿಯವನು ಕೇಳುವುದುಂಟೆ? ಒತ್ತಿ ತಿರುಗಿಸಿದರೆ ಯಾರ ಬಲ್ಬಾದರೂ ಯಾರ ಹೋಲ್ಡರಿನಲ್ಲಾದರೂ ಕೂರುತ್ತದೆ. ಹೋಟೆಲಿನ ಮಿಕ್ಸರೂ ಗ್ರೈಂಡರೂ ಬೇರೆಬೇರೆ ಕಂಪೆನಿಯವಾದರೂ ಮೂರು ಪಿನ್ನಿನ ಪ್ಲಗ್ಗು ಒಂದೇ. ಅದರಿಂದ ಬಲ್ಬಿನ ಕಂಪೆನಿಗಳೇನೂ ದಿವಾಳಿ ತೆಗೆಯಲಿಲ್ಲ. ಫೋನಿನ ಕಂಪೆನಿಗಳು ಮಾತ್ರ ಕಿಂಡಿಯನ್ನು ಸುಂಕದ ಕಟ್ಟೆಯೆಂದು ತಿಳಿದವು. ಆ್ಯಪಲ್ ಕಂಪೆನಿ ೨೦೦೩ರಲ್ಲಿ ತನ್ನ ಐಪಾಡಿಗೆ ೩೦ ಪಿನ್ನಿನ ಅಗಲವಾದ ಕಿಂಡಿ ಮಾಡಿತು. ೨೦೧೨ರಲ್ಲಿ ಅದನ್ನು ಬಿಟ್ಟು ಲೈಟ್ನಿಂಗ್ ಎಂಬ ಸಣ್ಣ ಕಿಂಡಿ ತಂದಿತು. ಹಳೆಯ ಸಾಮಾನು ಇಟ್ಟುಕೊಂಡವರು ಏನು ಮಾಡಬೇಕು? ೨೯ ಡಾಲರು ಕೊಟ್ಟು ನಡುವೆ ಸಿಕ್ಕಿಸುವ ಒಂದು ತುಂಡನ್ನು ಕೊಳ್ಳಬೇಕು! ಬೇರೆಯವರು ಅಧಿಕೃತವಾಗಿ ಲೈಟ್ನಿಂಗ್ ಕೇಬಲು ಮಾಡಬೇಕಾದರೆ ಆ ಕಂಪೆನಿಯ ಪರವಾನಗಿ ಬೇಕು.

ಹಾಗಾದರೆ ಕಿಂಡಿ ಒಂದಾದದ್ದು ಹೇಗೆ? ಇದನ್ನು ಕೆಲಸಗಾರರು ಗಮನವಿಟ್ಟು ಓದಬೇಕು. ೨೦೦೯ರಲ್ಲಿ ಯೂರೋಪಿನ ಕಮಿಷನ್ನಿನವರು ಕಂಪೆನಿಗಳನ್ನು ಕೂರಿಸಿಕೊಂಡು ಸೌಮ್ಯವಾಗಿ ಮಾತಾಡಿದರು. ಎಲ್ಲರೂ ಮೈಕ್ರೋ ಯು.ಎಸ್.ಬಿ. ಎಂಬ ಒಂದೇ ಕಿಂಡಿಗೆ ಬರುತ್ತೇವೆಂದು ಆ್ಯಪಲ್ ಸಹಿತ ದೊಡ್ಡ ಕಂಪೆನಿಗಳು ಸಹಿ ಹಾಕಿದವು. ಕಾನೂನಿನ ಬಲವಿಲ್ಲದ ಒಪ್ಪಂದ. ೩೦ ಬಗೆ ಇಳಿದು ೩ ಬಗೆಯಾದದ್ದು ನಿಜ. ಆದರೆ ಮೂರು ಒಂದಾಗಲಿಲ್ಲ. ಲೈಟ್ನಿಂಗ್ ಕಿಂಡಿ ಹುಟ್ಟಿದ್ದೇ ಈ ಒಪ್ಪಂದದ ಕಾಲದಲ್ಲಿ. ನಡುವೆ ಸಿಕ್ಕಿಸುವ ತುಂಡೊಂದನ್ನು ಮಾರಿದರೆ ಕೊಟ್ಟ ಮಾತು ಉಳಿಯಿತೆಂಬ ಲೆಕ್ಕ. ೨೦೧೪ರಲ್ಲಿ ಒಪ್ಪಂದ ತೀರಿತು. ಅನಂತರ ಎಂಟು ವರ್ಷ ಎಳೆದಾಡಿ, ೨೦೨೨ರ ಅಕ್ಟೋಬರಿನಲ್ಲಿ ಯೂರೋಪಿನ ಪಾರ್ಲಿಮೆಂಟು ೬೦೨ಕ್ಕೆ ೧೩ ಮತಗಳಿಂದ ಕಾನೂನನ್ನೇ ಮಾಡಿತು: ೨೦೨೪ರ ಡಿಸೆಂಬರ್ ೨೮ರಿಂದ ಅಲ್ಲಿ ಮಾರುವ ಫೋನು, ಟ್ಯಾಬ್ಲೆಟ್ಟು, ಕ್ಯಾಮರಾ, ಹೆಡ್‌ಫೋನುಗಳು ತಂತಿಯಿಂದ ಚಾರ್ಜಾಗುವುದಾದರೆ ಅವಕ್ಕೆ ಟೈಪ್-ಸಿ ಕಿಂಡಿಯೇ ಇರತಕ್ಕದ್ದು; ಲ್ಯಾಪ್‌ಟಾಪಿಗೆ ಗಡುವು ೨೦೨೬ರ ಏಪ್ರಿಲ್ ೨೮. ಇಂಥ ಕಾನೂನು ಬಂದರೆ ಹೊಸ ಶೋಧನೆಗಳೇ ನಿಂತುಹೋದಾವು ಎಂದು ಆ್ಯಪಲ್ ಹುಯಿಲೆಬ್ಬಿಸಿತ್ತು. ಕಾನೂನಾದ ಮರುವರ್ಷವೇ, ಗಡುವಿಗೆ ಇನ್ನೂ ಒಂದು ವರ್ಷ ಇರುವಾಗಲೇ, ೨೦೨೩ರ ಸೆಪ್ಟೆಂಬರಿನಲ್ಲಿ ತನ್ನ ಐಫೋನ್ ೧೫ಕ್ಕೆ ಟೈಪ್-ಸಿ ಕಿಂಡಿಯನ್ನು ಕೊರೆಯಿತು, ಅದೂ ಹೊಸ ಸೌಕರ್ಯವೆಂದು ಜಾಹೀರಾತು ಹಾಕಿಕೊಂಡು!

ಮಾಲಕರು ತಾವಾಗಿ ಮನಸ್ಸು ಮಾಡಿ ಕೊಡುತ್ತಾರೆಂದು ವಾರದ ರಜೆಗೂ ಬೋನಸ್ಸಿಗೂ ಕಾದು ಕುಳಿತವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ೨೦೨೨ರ ನವೆಂಬರಿನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಕರೆದ ಸಭೆಯಲ್ಲಿ ಫೋನು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪುಗಳಿಗೆ ಟೈಪ್-ಸಿ ಆಗಲಿ ಎಂದು ತಯಾರಕರು ಒಪ್ಪಿದರು. ೨೦೨೩ರ ಆರಂಭದಲ್ಲಿ ಭಾರತೀಯ ಮಾನಕ ಬ್ಯೂರೋ ಅದರ ಮಾನಕವನ್ನು ಪ್ರಕಟಿಸಿತು. ಬಟನ್ನಿನ ಸಾದಾ ಫೋನಿನ ಮಾತು ಮಾತ್ರ ಬೇರೆ ಎಂದು ಆ ಸಭೆಯಲ್ಲೇ ಪಕ್ಕಕ್ಕಿಟ್ಟರು. ಬಡವನ ಫೋನು ಯಾವಾಗಲೂ ಪಕ್ಕಕ್ಕೇ. ಊರಿನಲ್ಲಿ ನಮ್ಮ ತಂದೆತಾಯಿಗಳ ಕೈಯಲ್ಲಿರುವುದು ಅದೇ ಫೋನು. ಅದಕ್ಕೆ ಹಳೆಯ ಮೈಕ್ರೋ ಕಿಂಡಿಯ ಕೇಬಲು ಇನ್ನೂ ಬೇಕಾಗುತ್ತದೆ. ಆದಕಾರಣ, ಅಂಗಡಿಯ ತಮ್ಮಂದಿರೇ, ಮೈಕ್ರೋ ಕೇಬಲು ಸತ್ತೇಹೋಯಿತೆಂದು ಕಸಕ್ಕೆ ಎಸೆಯಬೇಡಿರಿ. ಹಾಗೆಂದು ಅಗ್ಗಕ್ಕೆ ಸಿಕ್ಕಿತೆಂದು ಹೊಸದಾಗಿ ಮೂಟೆ ಕಟ್ಟಿಸಲೂ ಬೇಡಿರಿ. ಲೈಟ್ನಿಂಗ್ ಕೇಬಲಿನ ಗತಿಯೂ ಇದೇ. ಸೆಕೆಂಡ್‌ಹ್ಯಾಂಡ್ ಐಫೋನು ಕೊಂಡವರು ಇನ್ನೂ ಕೆಲವು ವರ್ಷ ಅದನ್ನು ಕೇಳಿಕೊಂಡು ಬರುತ್ತಾರೆ, ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ.

ಕಿಂಡಿಯಿಂದ ಬರುತ್ತಿದ್ದ ಸುಂಕ ನಿಂತಿತು. ನಿಂತದ್ದನ್ನು ಇನ್ನೊಂದು ಬಾಗಿಲಿನಿಂದ ವಸೂಲು ಮಾಡುವ ಕೆಲಸ ಅಷ್ಟರಲ್ಲೇ ಶುರುವಾಗಿತ್ತು. ೨೦೨೦ರ ಅಕ್ಟೋಬರಿನಲ್ಲಿ ಐಫೋನ್ ೧೨ ಬಂದಾಗ ಪೆಟ್ಟಿಗೆಯೊಳಗೆ ಚಾರ್ಜರೇ ಇರಲಿಲ್ಲ. ಕೇಳಿದರೆ, ಪರಿಸರ ರಕ್ಷಣೆ! ಸ್ಯಾಮ್‌ಸಂಗಿನವರು ಮೊದಲು ನಕ್ಕರು, ಮೂರು ತಿಂಗಳ ಬಳಿಕ ೨೦೨೧ರ ಜನವರಿಯಲ್ಲಿ ತಮ್ಮ ದುಬಾರಿ ಫೋನಿನ ಪೆಟ್ಟಿಗೆಯಿಂದ ತಾವೂ ತೆಗೆದರು. ಪೆಟ್ಟಿಗೆ ಸಣ್ಣದಾಯಿತು, ಅದಕ್ಕೆ ತಕ್ಕಂತೆ ಬೆಲೆಯೂ ಸಣ್ಣದಾದುದನ್ನು ಗಿರಾಕಿ ಕಂಡನೆ? ಬ್ರೆಜಿಲ್ ದೇಶದ ನ್ಯಾಯ ಮಂತ್ರಾಲಯ ೨೦೨೨ರ ಸೆಪ್ಟೆಂಬರಿನಲ್ಲಿ ಇದಕ್ಕಾಗಿಯೇ ಆ್ಯಪಲಿಗೆ ಸುಮಾರು ೧ ಕೋಟಿ ೨೨ ಲಕ್ಷ ರೆಯಾಲ್ ದಂಡ ಹಾಕಿತು. ಮನೆಯಲ್ಲಿ ನಾಲ್ಕು ಚಾರ್ಜರು ಬಿದ್ದಿರುವವನಿಗೆ ಐದನೆಯದು ಬೇಡ, ಒಪ್ಪತಕ್ಕ ಮಾತೇ. ಯೂರೋಪಿನಲ್ಲಿ ವರ್ಷಕ್ಕೆ ೧೧ ಸಾವಿರ ಟನ್ನು ಚಾರ್ಜರುಗಳು ಕಸವಾಗುತ್ತವೆಂದು ಅಲ್ಲಿಯ ಕಮಿಷನ್ನಿನ ಅಂದಾಜು. ಅಲ್ಲಿಯ ಕಾನೂನು ಹೇಳುವುದು, ಚಾರ್ಜರಿಲ್ಲದ ಪೆಟ್ಟಿಗೆಯನ್ನು ಕೊಳ್ಳುವ ಆಯ್ಕೆ ಗಿರಾಕಿಗೆ ಇರಬೇಕೆಂದು. ಬೇಕೆ ಬೇಡವೆ ಎಂದು ಕೇಳುವುದು ಒಂದು. ಕೇಳದೆ ಕಿತ್ತುಕೊಂಡು, ಪಕ್ಕದ ಕಪಾಟಿನಿಂದ ಅದನ್ನೇ ತೆಗೆದು ಬೇರೆ ಬಿಲ್ಲು ಮಾಡುವುದು ಇನ್ನೊಂದು. ಊಟದ ತಟ್ಟೆಯಿಂದ ಸಾರನ್ನು ತೆಗೆದು ಅದಕ್ಕೆ ಬೇರೆ ಹಣ ಕೇಳಿದರೆ ನಮ್ಮ ಗಿರಾಕಿ ಸುಮ್ಮನಿರುತ್ತಾನೆಯೆ?

ಎರಡನೆಯ ಬಾಗಿಲು ವ್ಯಾಟಿನದು. ೩೩ ವ್ಯಾಟು, ೬೭ ವ್ಯಾಟು, ೧೨೦ ವ್ಯಾಟು ಎಂದು ಹರಾಜು ಕೂಗಿದಂತೆ ಕೂಗುತ್ತಾರೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ೫ ವೋಲ್ಟು, ೨ ಆಂಪಿಯರಾದರೆ ೧೦ ವ್ಯಾಟು; ೯ ವೋಲ್ಟು, ೩ ಆಂಪಿಯರಾದರೆ ೨೭ ವ್ಯಾಟು. ಟೈಪ್-ಸಿ ಕಿಂಡಿಯ ಮೂಲಕ ಎಲ್ಲರಿಗೂ ಸಲ್ಲುವ ಸಾಮಾನ್ಯ ಭಾಷೆಯೊಂದಿದೆ. ಅದಕ್ಕೆ ಪವರ್ ಡೆಲಿವರಿ, ಚಿಕ್ಕದಾಗಿ ಪಿ.ಡಿ., ಎಂದು ಹೆಸರು. ೨೦೨೧ರಿಂದ ಅದು ೨೪೦ ವ್ಯಾಟಿನವರೆಗೆ ಹೋಗಬಲ್ಲದು. ಇಷ್ಟಿದ್ದರೂ ಹಲವು ಕಂಪೆನಿಗಳು ತಮ್ಮ ಫೋನಿಗೂ ತಮ್ಮ ಚಾರ್ಜರಿಗೂ ನಡುವೆ ಗುಟ್ಟಿನ ಭಾಷೆಯೊಂದನ್ನು ಇಟ್ಟುಕೊಂಡಿವೆ. ಆ ಫೋನನ್ನು ಬೇರೆಯವರ ಚಾರ್ಜರಿಗೆ ಸಿಕ್ಕಿಸಿದರೆ ಕಿಂಡಿಯೇನೋ ಕೂರುತ್ತದೆ, ಕೆಲಸವೂ ನಡೆಯುತ್ತದೆ, ಆದರೆ ಜಾಹೀರಾತಿನ ವೇಗ ಬರುವುದಿಲ್ಲ. ಬಾಗಿಲು ತೆರೆದಿಟ್ಟು ಒಳಗೆ ಕೂರಲು ಮಣೆ ಕೊಡದ ಮರ್ಯಾದೆ ಇದು! ಇನ್ನು ಮುಂದೆ ಫೋನು ಕೊಳ್ಳುವಾಗ 'ಎಷ್ಟು ವ್ಯಾಟು' ಎಂದಷ್ಟೇ ಕೇಳಬೇಡಿರಿ, 'ಪಿ.ಡಿ. ಚಾರ್ಜರಿನಲ್ಲಿ ಎಷ್ಟು ವ್ಯಾಟು' ಎಂದು ಕೇಳಿರಿ. ಅಂಗಡಿಯವನು ಕಕ್ಕಾಬಿಕ್ಕಿಯಾದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಈಗ ತಂತಿಯಿಲ್ಲದ ತಟ್ಟೆಗೆ ಬರೋಣ. ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಅಡಿಗೆಮನೆಯಲ್ಲಿ ಇಂಡಕ್ಷನ್ ಒಲೆ ಕಂಡವರಿಗೆ ಇದರ ಅರ್ಧ ಆಗಲೇ ಗೊತ್ತು. ಒಲೆಯ ಗಾಜಿನ ಕೆಳಗೆ ತಾಮ್ರದ ಸುರುಳಿ. ಅದರಲ್ಲಿ ವಿದ್ಯುತ್ತು ಅತಿವೇಗವಾಗಿ ಹಿಂದೆ ಮುಂದೆ ಹರಿದಾಗ ಮೇಲಿಟ್ಟ ಪಾತ್ರೆಯ ತಳ ಕಾಯುತ್ತದೆ. ಚಾರ್ಜಿಂಗ್ ತಟ್ಟೆಯಲ್ಲೂ ಅಂಥದೇ ಸುರುಳಿ; ಫೋನಿನ ಬೆನ್ನಿನಲ್ಲಿ ಇನ್ನೊಂದು ಸುರುಳಿ; ಕೆಳಗಿನದರಲ್ಲಿ ಹರಿದದ್ದು ಮೇಲಿನದರಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಫಾರಡೆ ೧೮೩೧ರಲ್ಲಿ ತೋರಿಸಿಕೊಟ್ಟದ್ದೇ ಇದು. ಒಲೆಯಲ್ಲಿ ಶಾಖ ಬೇಕು. ಫೋನಿನಲ್ಲಿ ಶಾಖ ಬೇಡ. ಆದರೆ ಎರಡು ಸುರುಳಿಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಬೆರಳಗಲ ಆಚೀಚೆಯಾದರೆ ದಾರಿಯಲ್ಲಿ ಸೋರಿದ ಶಕ್ತಿಯೆಲ್ಲ ಶಾಖವೇ. ೨೦೨೦ರಲ್ಲಿ ಅಮೆರಿಕದ ಪತ್ರಕರ್ತನೊಬ್ಬ ಒಂದೇ ಫೋನನ್ನು ಎರಡು ವಿಧದಲ್ಲೂ ಚಾರ್ಜು ಮಾಡಿ ಅಳೆದಾಗ, ಕೇಬಲಿನಿಂದ ೧೪ ವ್ಯಾಟ್-ಗಂಟೆಯಷ್ಟು ಹಿಡಿದದ್ದು ತಟ್ಟೆಯಿಂದ ೨೧ ವ್ಯಾಟ್-ಗಂಟೆ ಹಿಡಿಯಿತು. ಬಿಲ್ಲಿನ ಲೆಕ್ಕದಲ್ಲಿ ಇದು ಪೈಸೆಗಳ ಮಾತು, ಅದನ್ನು ಹಿಗ್ಗಿಸಿ ಹೇಳಲಾರೆ. ಪೆಟ್ಟು ಬೀಳುವುದು ಬ್ಯಾಟರಿಗೆ. ಲಿಥಿಯಂ ಬ್ಯಾಟರಿಗೆ ಶಾಖದಷ್ಟು ದೊಡ್ಡ ಶತ್ರು ಇಲ್ಲ. ಸೆಕೆಯ ಮುಂಬಯಿಯಲ್ಲಿ, ಗಾಳಿಯಾಡದ ಮಾಳಿಗೆಯಲ್ಲಿ, ಬಿಸಿಯಾದ ತಟ್ಟೆಯ ಮೇಲೆ ರಾತ್ರಿಯೆಲ್ಲ ಫೋನನ್ನು ಮಲಗಿಸಿ ಆಗಬೇಕಾದ್ದೇನು?

ಅಷ್ಟಕ್ಕೂ ಈ ತಟ್ಟೆ ಯಾರಿಗೆ? ನಮ್ಮವರು ಕೊಳ್ಳುವ ಹತ್ತು ಹನ್ನೆರಡು ಸಾವಿರದ ಫೋನುಗಳಲ್ಲಿ ಸಾಮಾನ್ಯವಾಗಿ ಆ ಸುರುಳಿಯೇ ಇರುವುದಿಲ್ಲ. ಪಾಳಿಗೂ ಪಾಳಿಗೂ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕುವವನು, ಚಾರ್ಜಾಗುತ್ತಿರುವಾಗಲೇ ಹೆಂಡತಿಮಕ್ಕಳೊಡನೆ ಮಾತಾಡಬೇಕು. ತಟ್ಟೆಯ ಮೇಲಿಟ್ಟ ಫೋನನ್ನು ಎತ್ತಿದರೆ ಚಾರ್ಜು ನಿಂತಿತು. ಕಿಂಡಿ ಕೆಟ್ಟುಹೋದ ದುಬಾರಿ ಫೋನಿರುವವನಿಗೆ ತಟ್ಟೆಯಿಂದ ಉಪಕಾರವಿದೆ, ಇಲ್ಲವೆನ್ನಲಾರೆ. ಆದರೆ ಟೈಪ್-ಸಿ ಕಿಂಡಿ ೧೦ ಸಾವಿರ ಬಾರಿ ಸಿಕ್ಕಿಸಿ ತೆಗೆಯಲು ತಕ್ಕಂತೆ ರಚಿಸಿದ್ದು; ದಿನಕ್ಕೆ ಮೂರು ಬಾರಿಯಾದರೆ ಒಂಬತ್ತು ವರ್ಷ. ಸರಿಯಾಗಿ ಕೂರುವುದಿಲ್ಲವೆಂದು ತಂದುಕೊಡುವ ಎಷ್ಟೋ ಫೋನುಗಳಲ್ಲಿ ಕೆಟ್ಟಿರುವುದು ಕಿಂಡಿಯಲ್ಲ. ಒಳಗೆ ಗಿರಣಿಯ ಹತ್ತಿಯ ಪುಡಿ, ಅಡಿಗೆಮನೆಯ ಹಿಟ್ಟಿನ ಧೂಳು ಗಟ್ಟಿಯಾಗಿ ಕುಳಿತಿರುತ್ತದೆ. ಫೋನನ್ನು ಆರಿಸಿ, ಕೌಂಟರಿನ ಮೇಲಿನ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿರಿ.

ವ್ಯಾಪಾರಿಗೆ ಇನ್ನೂ ದೊಡ್ಡ ಗಂಡಾಂತರವಿದೆ. ತಟ್ಟೆಯ ಮಾನಕ ನಿಂತ ನೀರಲ್ಲ. ೨೦೦೮ರಲ್ಲಿ ಕಂಪೆನಿಗಳ ಒಕ್ಕೂಟವೊಂದು ಹುಟ್ಟಿ 'ಚೀ' ಎಂಬ ಮಾನಕವನ್ನು ಮಾಡಿತು (ಚೀನೀ ಭಾಷೆಯಲ್ಲಿ ಅದಕ್ಕೆ ಪ್ರಾಣಶಕ್ತಿ ಎಂದರ್ಥವಂತೆ, ಕನ್ನಡದ ಕಿವಿಗೆ ಕೇಳಿಸುವ ಅರ್ಥವೇ ಕೆಲವೊಮ್ಮೆ ಸರಿಯೆನಿಸುತ್ತದೆ). ಅದಕ್ಕೆ ಎದುರಾಳಿಯಾಗಿ ಪವರ್‌ಮ್ಯಾಟಿನವರು ನಿಂತರು. ೨೦೧೪ರಲ್ಲಿ ಅಮೆರಿಕದ ದೊಡ್ಡ ಕಾಫಿ ಹೋಟೆಲುಗಳಾದ ಸ್ಟಾರ್‌ಬಕ್ಸಿನವರು ತಮ್ಮ ಮೇಜುಗಳಲ್ಲಿ ಪವರ್‌ಮ್ಯಾಟನ್ನೇ ಕೂರಿಸಹೊರಟರು. ೨೦೧೭ರಲ್ಲಿ ಆ್ಯಪಲ್ 'ಚೀ' ಪಕ್ಷ ಸೇರಿತು. ಮರುವರ್ಷ ಜನವರಿಯಲ್ಲಿ ಪವರ್‌ಮ್ಯಾಟೇ ಬಂದು 'ಚೀ' ಒಕ್ಕೂಟಕ್ಕೆ ಸೇರಿಕೊಂಡಿತು. ಆ್ಯಪಲ್ ಕೂಡ ೨೦೧೭ರಲ್ಲಿ ಮೂರು ಸಾಮಾನುಗಳಿಗೆ ಒಂದೇ ತಟ್ಟೆ ಎಂದು ಸಾರಿ, ೨೦೧೯ರ ಮಾರ್ಚಿನಲ್ಲಿ ಆಗುವುದಿಲ್ಲವೆಂದು ಕೈಬಿಟ್ಟಿತು. ೨೦೨೦ರಲ್ಲಿ ಆಯಸ್ಕಾಂತದ ಬಳೆ ಬಂದಿತು. ೨೦೨೩ರಲ್ಲಿ ಅದನ್ನೇ ಎತ್ತಿಕೊಂಡು 'ಚೀ-೨' ಎಂದರು, ೧೫ ವ್ಯಾಟು. ೨೦೨೫ರಲ್ಲಿ ೨೫ ವ್ಯಾಟು. ಒಂದು ಸರಕು ಮಾರಾಟವಾಗುವುದರೊಳಗೆ ಅದರ ಮುಂದಿನದು ಬಂದು ನಿಲ್ಲುತ್ತದೆ. ದೊಡ್ಡ ಮಳಿಗೆಯವನು ಉಳಿದ ಸರಕನ್ನು ಕಂಪೆನಿಗೆ ಹಿಂದಕ್ಕೆ ಕಳಿಸಿಯಾನು. ಲ್ಯಾಮಿಂಗ್ಟನ್ ರೋಡಿನಿಂದ, ಮನೀಷ್ ಮಾರ್ಕೆಟ್ಟಿನಿಂದ, ಚೆನ್ನೈಯ ರಿಚಿ ಸ್ಟ್ರೀಟಿನಿಂದ, ದಿಲ್ಲಿಯ ಗಫಾರ್ ಮಾರ್ಕೆಟ್ಟಿನಿಂದ ನಗದು ಕೊಟ್ಟು ಹೊತ್ತು ತಂದ ನಮ್ಮ ಹುಡುಗ ಯಾರಿಗೆ ಹಿಂದಕ್ಕೆ ಕೊಡಬೇಕು? ತಟ್ಟೆ ಕೇಳಿದ ಗಿರಾಕಿಗೆ ಒಂದೆರಡು ತರಿಸಿಕೊಡಲಿ. ಪೇರಿಸಿಡುವುದು ಬೇಡ.

ಕೇಬಲಿನಲ್ಲಿ ಗಿಟ್ಟುವುದಿಲ್ಲ ಎಂಬ ಮಾತೂ ಸುಳ್ಳು. ಕಿಂಡಿ ಒಂದಾದ ಮೇಲೆ ನಂಬಿಕೆಯ ಕೇಬಲಿಗೆ ಬೆಲೆ ಬಂದಿದೆ. ೨೦೧೫ರಲ್ಲಿ ಗೂಗಲಿನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಎಂಬವರು ಅಮೆಜಾನಿನಲ್ಲಿ ಮಾರುತ್ತಿದ್ದ ಟೈಪ್-ಸಿ ಕೇಬಲುಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿದರು. ಹಲವದರಲ್ಲಿ ಒಂದು ಪುಟ್ಟ ರೆಸಿಸ್ಟರು ತಪ್ಪಾದದ್ದಿತ್ತು. ೨೦೧೬ರಲ್ಲಿ ಅಡ್ಡಾದಿಡ್ಡಿ ಜೋಡಿಸಿದ ಒಂದು ಕೇಬಲು ಅವರ ಲ್ಯಾಪ್‌ಟಾಪನ್ನೇ ಕೊಂದಿತು. ಆ ಮೇಲೆ ಅಮೆಜಾನ್ ನಿಯಮಕ್ಕೆ ಹೊಂದದ ಕೇಬಲುಗಳನ್ನು ನಿಷೇಧಿಸಿತು. ರಸ್ತೆಯ ಪಕ್ಕದ ಪೇಟೆಗೆ ಅಂಥ ನಿಷೇಧ ಹಾಕುವವರು ಯಾರು? ಅಲ್ಲಿ ಅಂಗಡಿಯವನ ಬಾಯಿಮಾತೇ ಕಾನೂನು. ಒಳಗೆ ಗುರುತಿನ ಚಿಪ್ಪಿಲ್ಲದ ಟೈಪ್-ಸಿ ಕೇಬಲು ೩ ಆಂಪಿಯರಿಗಿಂತ, ಅಂದರೆ ೬೦ ವ್ಯಾಟಿಗಿಂತ, ಹೆಚ್ಚು ಸಾಗಿಸತಕ್ಕದ್ದಲ್ಲ. ಅದರ ಮೇಲೆ '೧೦೦ ವ್ಯಾಟು' ಎಂದು ಅಚ್ಚು ಹಾಕಿದರೆ ಅದು ಬರಿಯ ಅಚ್ಚು. ಕೆಲವು ಅಗ್ಗದ ಫ್ಯಾನು, ಟ್ರಿಮ್ಮರುಗಳಲ್ಲಿ ಟೈಪ್-ಸಿ ಕಿಂಡಿಯಿದ್ದರೂ ಎರಡು ತುದಿಯೂ ಟೈಪ್-ಸಿ ಇರುವ ಕೇಬಲಿನಿಂದ ಚಾರ್ಜಾಗುವುದಿಲ್ಲ; ಅಲ್ಲಿ ತಪ್ಪು ಕೇಬಲಿನದಲ್ಲ, ಆ ಸಾಮಾನಿನದು. ಇದನ್ನೆಲ್ಲ ಗಿರಾಕಿಗೆ ತೋರಿಸಲು ಕೆಲವು ನೂರು ರೂಪಾಯಿಯ ಸಣ್ಣ ಮೀಟರೊಂದನ್ನು ಹಲಗೆಯ ಮೇಲಿಟ್ಟುಕೊಳ್ಳಿರಿ. ಆ ಹಣ ಹತ್ತು ತಟ್ಟೆಗಳಿಗಿಂತ ಹೆಚ್ಚು ದುಡಿದೀತು.

ಚಾರ್ಜರಿನ ಮಾತು ಇನ್ನೂ ಗಂಭೀರ. ಅದರ ಒಂದು ಪಕ್ಕ ಗೋಡೆಯ ೨೩೦ ವೋಲ್ಟು. ಇನ್ನೊಂದು ಪಕ್ಕ ಕೈಗೆ ತಾಗುವ ೫ ವೋಲ್ಟು. ಎರಡರ ನಡುವೆ ಇರಬೇಕಾದ ಅಂತರವನ್ನೂ ರಕ್ಷಣೆಯನ್ನೂ ಉಳಿತಾಯ ಮಾಡಿಯೇ ನಕಲಿ ಚಾರ್ಜರು ಅಗ್ಗವಾಗುವುದು. ಮೋರಿಯಲ್ಲಿ ಪಾತ್ರೆ ತೊಳೆದು ಒದ್ದೆ ಕೈಯಲ್ಲೇ ಫೋನು ಹಿಡಿಯುವವನ ಜೀವ ಆ ಅಂತರದಲ್ಲಿದೆ. ನಮ್ಮ ದೇಶದಲ್ಲಿ ಮೊಬೈಲು ಚಾರ್ಜರಿಗೂ ಪವರ್‌ಬ್ಯಾಂಕಿಗೂ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಮೈಮೇಲೆ ಇಂಗ್ಲಿಷಿನ 'ಆರ್' ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಬ್ಯೂರೋದ ಬಿ.ಐ.ಎಸ್. ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹೊಡೆದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಆ ಸಂಖ್ಯೆಯಿಲ್ಲದ ಚಾರ್ಜರನ್ನು ತನ್ನ ಊರಿನ ಹುಡುಗನಿಗೇ ಮಾರುವ ವ್ಯಾಪಾರಿಯನ್ನು ನಮ್ಮವನೆಂದು ಹೇಳಿಕೊಳ್ಳಲು ನಾಚಿಕೆಯಾಗಬೇಕು.

ಕೊನೆಯ ಮಾತು ಹೋಟೆಲು ಮಾಲಕರಿಗೆ. ಗಿರಾಕಿ ಕೂರುವ ಮೇಜಿನ ಪಕ್ಕದಲ್ಲಿ ಚಾರ್ಜಿಂಗಿನ ಸಾಕೆಟ್ಟು ಹಾಕಿಸುವವರು ಈಗ ಹೆಚ್ಚಾಗಿದ್ದಾರೆ, ಸಂತೋಷ. ಮೇಲೆ ಹುಡುಗರು ಮಲಗುವ ಮಾಳಿಗೆಯಲ್ಲಿ ಎಷ್ಟಿವೆ? ಹತ್ತು ಹನ್ನೆರಡು ಜನರಿಗೆ ಒಂದು ಸಾಕೆಟ್ಟು, ಅದಕ್ಕೆ ಒಂದರ ಬಾಲಕ್ಕೊಂದು ಕಟ್ಟಿದ ಎಕ್ಸ್‌ಟೆನ್ಷನ್ನು, ಅದರ ಕೆಳಗೆ ಹಾಸಿಗೆ. ಮೊದಲು ಯಾರು ಚುಚ್ಚಬೇಕೆಂದು ರಾತ್ರಿ ಹನ್ನೊಂದಕ್ಕೆ ಜಗಳ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಾದವನ ಫೋನಿನಲ್ಲಿ ಅಲಾರಮು ಹೊಡೆಯುವಷ್ಟೂ ಜೀವವಿಲ್ಲ. ಕರೆಂಟಿನ ಬಿಲ್ಲು ಏರುತ್ತದೆ ಎಂದು ಮಾಲಕರು ಹೇಳುತ್ತಾರೆ. ಲೆಕ್ಕ ಹಾಕೋಣ. ಒಂದು ಫೋನಿಗೆ ದಿನಕ್ಕೆ ೨೦ ವ್ಯಾಟ್-ಗಂಟೆ ಎಂದು ಧಾರಾಳವಾಗಿ ಹಿಡಿಯಿರಿ. ತಿಂಗಳಿಗೆ ೬೦೦, ಅಂದರೆ ಒಂದು ಯೂನಿಟ್ಟಿನ ಹತ್ತರಲ್ಲಿ ಆರು ಪಾಲು. ಯೂನಿಟ್ಟಿಗೆ ೧೫ ರೂಪಾಯಿ ಎಂದರೂ ಒಬ್ಬ ಕೆಲಸಗಾರನಿಗೆ ತಿಂಗಳಿಗೆ ೯ ರೂಪಾಯಿ. ಹತ್ತು ಜನರಿಗೆ ೯೦. ಹತ್ತು ಫೋನುಗಳು ಒಟ್ಟಿಗೆ ಚಾರ್ಜಾದರೂ ಚಟ್ನಿ ಅರೆಯುವ ಮಿಕ್ಸರಿಗಿಂತ ಕಡಿಮೆ ಕರೆಂಟು ಎಳೆಯುತ್ತವೆ.

ಆದುದರಿಂದ ನಾವು ಕೇಳುವುದು ಇಷ್ಟು: ಮಲಗುವ ಕಡೆ ಇಬ್ಬರಿಗೆ ಒಂದರಂತೆ ಸಾಕೆಟ್ಟು, ಅದನ್ನು ಲೈಸೆನ್ಸುಳ್ಳ ವೈರ್‌ಮನ್ನಿನಿಂದಲೇ ಹಾಕಿಸುವುದು, ಅದಕ್ಕೆ ತನ್ನದೇ ಆದ ಫ್ಯೂಸು ಅಥವಾ ಎಂ.ಸಿ.ಬಿ.; ನೋಂದಣಿ ಸಂಖ್ಯೆಯುಳ್ಳ ನಾಲ್ಕಾರು ಟೈಪ್-ಸಿ ಚಾರ್ಜರುಗಳು ಹೋಟೆಲಿನ ಲೆಕ್ಕದಲ್ಲಿ. ಸಂಘದ ಸದಸ್ಯರು ತಮ್ಮ ತಮ್ಮ ಹೋಟೆಲಿನ ಮಾಳಿಗೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಎಷ್ಟು ಸಾಕೆಟ್ಟುಗಳಿವೆ ಎಂಬ ಎರಡು ಅಂಕಿಗಳನ್ನು ಈ ತಿಂಗಳ ಒಳಗೆ ಬರೆದು ಕಚೇರಿಗೆ ತಲಪಿಸಬೇಕು, ಹೆಸರು ಹಾಕಬೇಕಾಗಿಲ್ಲ.